ಕಾಣದ ದೋಷ ಇಲ್ಲದ ದೋಷವೇ?

ಸ್ಕೂಟರಿನ ವಿದ್ಯುತ್ ದೋಷಗಳಲ್ಲಿ ಎರಡು ಬಗೆ. ಫ್ಯೂಸ್ ಸುಟ್ಟಿದ್ದರೆ, ಬ್ಯಾಟರಿ ಸತ್ತಿದ್ದರೆ, ವೈರು ಪೂರ್ತಿ ತುಂಡಾಗಿದ್ದರೆ ದೋಷ ಇದ್ದಲ್ಲಿಯೇ ಇರುತ್ತದೆ. ಹುಡುಕುವವನ ಕೈಗೆ ಇಂದಲ್ಲ ನಾಳೆ ಸಿಗುತ್ತದೆ. ಎರಡನೆಯದು ಬಂದು ಹೋಗುವ ದೋಷ. ಗಾಡಿ 20 ನಿಮಿಷ ಚೆನ್ನಾಗಿ ಓಡಿ ಏಕಾಏಕಿ ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಗ್ಯಾರೇಜಿಗೆ ತಂದು ನಿಲ್ಲಿಸಿದರೆ ಎಲ್ಲವೂ ಸರಿ: ಪ್ಲಗ್ಗಿನಲ್ಲಿ ಕಿಡಿ ಇದೆ, ಬ್ಯಾಟರಿಯಲ್ಲಿ 12.6 ವೋಲ್ಟ್ ಇದೆ, ದೀಪ ಉರಿಯುತ್ತದೆ, ಹಾರನ್ ಕೂಗುತ್ತದೆ. ಮೆಕ್ಯಾನಿಕ್ ‘ತೊಂದರೆ ಏನೂ ಇಲ್ಲ’ ಎನ್ನುತ್ತಾನೆ, ಸವಾರ ‘ಇದೆ’ ಎನ್ನುತ್ತಾನೆ. ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿರುತ್ತಾರೆ.

ಈ ತಕರಾರಿನ ಬುಡದಲ್ಲಿರುವ ಪ್ರಶ್ನೆ ಭಾರತೀಯ ದರ್ಶನಗಳಿಗೆ ಬಹಳ ಹಳೆಯದು. ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣವಾಗುತ್ತದೆಯೇ? 7ನೆಯ ಶತಮಾನದ ಮೀಮಾಂಸಕ ಕುಮಾರಿಲಭಟ್ಟನ ಪಂಥದವರು ಅಭಾವವನ್ನು ತಿಳಿಯಲು ‘ಅನುಪಲಬ್ಧಿ’ ಎಂಬ ಬೇರೆಯೇ ಒಂದು ಪ್ರಮಾಣವನ್ನು ಒಪ್ಪಿದರು. ಮುಂದೆ ಅದ್ವೈತಿಗಳೂ ಅದನ್ನು ತಮ್ಮದಾಗಿಸಿಕೊಂಡರು. ನೈಯಾಯಿಕರು ಅದು ಪ್ರತ್ಯಕ್ಷದಲ್ಲಿಯೇ ಅಡಕವೆಂದು ವಾದಿಸಿದರು. ಆದರೆ ಒಂದು ಷರತ್ತಿನ ವಿಷಯದಲ್ಲಿ ಇವರಲ್ಲಿ ಭಿನ್ನಾಭಿಪ್ರಾಯವಿಲ್ಲ. ವಸ್ತು ಅಲ್ಲಿದ್ದಿದ್ದರೆ ಖಂಡಿತ ಕಾಣುತ್ತಿತ್ತು ಎನ್ನುವ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು. ಇದಕ್ಕೆ ಯೋಗ್ಯಾನುಪಲಬ್ಧಿ ಎಂದು ಹೆಸರು. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ.

ಗ್ಯಾರೇಜಿನ ನೆಲದ ಮೇಲೆ ನಿಂತ ಸ್ಕೂಟರ್ ಅಂಥದೊಂದು ಕತ್ತಲ ಕೋಣೆ. ಎಂಜಿನ್ ತಣ್ಣಗಿದೆ, ರಸ್ತೆಯ ಕುಲುಕಾಟ ಇಲ್ಲ, ಮಳೆ ಇಲ್ಲ, ಹಿಂದೆ ಕೂತವರ ಭಾರ ಇಲ್ಲ. ದೋಷ ಕಾಣಿಸಿಕೊಳ್ಳಲು ಬೇಕಾದ ಯಾವುದೂ ಅಲ್ಲಿಲ್ಲ. ಅಲ್ಲಿ ನಿಂತು ‘ಇಲ್ಲ’ ಎಂದದ್ದು ಅಭಾವದ ಜ್ಞಾನವಲ್ಲ, ಜ್ಞಾನದ ಅಭಾವ. ಈ ಎರಡನ್ನೂ ಒಂದೆಂದು ತಿಳಿಯುವುದೇ ಇಂಥ ರಿಪೇರಿಗಳಲ್ಲಿ ನಡೆಯುವ ಮೊದಲ ತಪ್ಪು, ಮತ್ತು ಅತ್ಯಂತ ದುಬಾರಿಯಾದದ್ದು.

ತರ್ಕಶಾಸ್ತ್ರದಲ್ಲಿ ‘ವ್ಯಭಿಚಾರ’ ಎಂಬ ಪದಕ್ಕೆ ಇಂದಿನ ಆಡುಮಾತಿನ ಅರ್ಥವಿಲ್ಲ. ಜೊತೆಯಲ್ಲಿರಬೇಕಾದದ್ದನ್ನು ಬಿಟ್ಟು ಅತ್ತಿತ್ತ ಹೋಗುವುದು, ನಿಯಮ ತಪ್ಪುವುದು ಎಂದಷ್ಟೇ ಅರ್ಥ. ಆ ಲೆಕ್ಕದಲ್ಲಿ ಬಂದು ಹೋಗುವ ದೋಷ ವ್ಯಭಿಚಾರಿ. ಅದೇ ಗಾಡಿ, ಅದೇ ವೈರು, ಅದೇ ಕಾಯಿಲ್. ಒಮ್ಮೆ ಕಿಡಿ ಇದೆ, ಒಮ್ಮೆ ಇಲ್ಲ. ಕಾರಣವೊಂದೇ ಇದ್ದೂ ಕಾರ್ಯ ಬೇರೆಬೇರೆ ಆಗುವುದಾದರೆ ಕಾರ್ಯಕಾರಣದ ನಿಯಮಕ್ಕೇ ಭಂಗ ಬಂದಂತಲ್ಲವೇ? ನೈಯಾಯಿಕರ ಉತ್ತರ, ಹಾಗೆ ಕಾಣುವ ಕಡೆಯಲ್ಲೆಲ್ಲ ಗಮನಕ್ಕೆ ಬಾರದ ‘ಉಪಾಧಿ’ಯೊಂದು ಇದ್ದೀತು ಎಂಬುದು. ಅವರ ಪ್ರಸಿದ್ಧ ಉದಾಹರಣೆ ಹೊಗೆ ಮತ್ತು ಬೆಂಕಿಯದು. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುವುದಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆ ಬೇಕು. ಆ ಹಸಿ ಸೌದೆಯೇ ಉಪಾಧಿ. ಅದನ್ನು ಸೇರಿಸಿ ಹೇಳಿದೊಡನೆ ನಿಯಮ ಮತ್ತೆ ಗಟ್ಟಿಯಾಗುತ್ತದೆ.

ಸ್ಕೂಟರಿನಲ್ಲಿ ಈ ಹಸಿ ಸೌದೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು: ಶಾಖ, ತೇವ, ಕುಲುಕಾಟ, ಇಲ್ಲವೇ ಲೋಡ್. ತೇವ ಮತ್ತು ಕುಲುಕಾಟವನ್ನು ಊಹಿಸುವುದು ಸುಲಭ. ಹಾರನ್ ಮಳೆಯ ದಿನವಷ್ಟೇ ಕೈಕೊಟ್ಟರೆ ನೀರು ಇಳಿದ ಕಪ್ಲರನ್ನು, ಅದರೊಳಗಿನ ಹಸಿರು ಕಿಲುಬನ್ನು ಹುಡುಕಬೇಕು. ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದಾಗ ಮಾತ್ರ ಎಂಜಿನ್ ನಿಲ್ಲುವುದಾದರೆ ಹ್ಯಾಂಡಲಿನ ಬುಡದಲ್ಲಿ ಸಾವಿರಾರು ಸಲ ಮಡಿಚಿ ನಲುಗಿದ ವೈರನ್ನು ಹುಡುಕಬೇಕು. ಎಂಜಿನ್ ಚಾಲನೆಯಲ್ಲಿರುವಾಗ ವೈರಿಂಗನ್ನು ಗೇಣುಗೇಣಾಗಿ ಅಲುಗಾಡಿಸುತ್ತ ಹೋದರೆ ಸಾಕು, ದೋಷ ತನ್ನ ಜಾಗವನ್ನು ತಾನೇ ತೋರಿಸುತ್ತದೆ.

ಶಾಖದ ವಿಷಯ ಹೆಚ್ಚು ಸೂಕ್ಷ್ಮ. ಸಿಡಿಐ ಇರುವ ಸ್ಕೂಟರುಗಳಲ್ಲಿ ಮ್ಯಾಗ್ನೆಟ್ಟಿನ ಪಕ್ಕ ಪಲ್ಸರ್ ಕಾಯಿಲ್ ಎಂಬ ಚಿಕ್ಕ ಸುರುಳಿ ಇರುತ್ತದೆ. ಯಾವ ಗಳಿಗೆಯಲ್ಲಿ ಕಿಡಿ ಹಾರಬೇಕೆಂದು ಸಿಡಿಐಗೆ ಸೂಚನೆ ಕೊಡುವುದು ಅದರ ಕೆಲಸ. ಕೂದಲೆಳೆಯಂಥ ತಾಮ್ರದ ತಂತಿಯಲ್ಲಿ ಎಲ್ಲೋ ಒಂದು ಸೀಳು ಬಿಟ್ಟಿದೆ ಎನ್ನೋಣ. ತಣ್ಣಗಿರುವಾಗ ಸೀಳಿನ ಎರಡು ತುದಿಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಮೀಟರ್ ಹಿಡಿದರೆ ಸರಿಯಾದ ಓಮ್ ತೋರಿಸುತ್ತದೆ. ಎಂಜಿನ್ ಕಾದಂತೆ ತಾಮ್ರವೂ ಅದನ್ನು ಸುತ್ತಿದ ಪ್ಲಾಸ್ಟಿಕ್ಕೂ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ತುದಿಗಳು ಕೂದಲಿನಷ್ಟು ದೂರ ಸರಿಯುತ್ತವೆ. ಸೂಚನೆ ನಿಲ್ಲುತ್ತದೆ, ಕಿಡಿ ನಿಲ್ಲುತ್ತದೆ, ಗಾಡಿ ನಿಲ್ಲುತ್ತದೆ. ಅರ್ಧ ಗಂಟೆಯಲ್ಲಿ ಆರಿ ಮತ್ತೆ ಕೂಡಿಕೊಳ್ಳುತ್ತವೆ. ಇಲ್ಲಿ ಸ್ವೇಚ್ಛೆಯಿಂದ ನಡೆದದ್ದು ಏನೂ ಇಲ್ಲ. ‘ಕಾಯಿಲ್ ಕೆಟ್ಟಿದೆ, ಆದ್ದರಿಂದ ಕಿಡಿ ಇಲ್ಲ’ ಎಂಬ ನಿಯಮ ತಪ್ಪುತ್ತದೆ. ‘ಕೆಟ್ಟ ಕಾಯಿಲ್ ಕಾದಿದೆ, ಆದ್ದರಿಂದ ಕಿಡಿ ಇಲ್ಲ’ ಎಂಬ ನಿಯಮ ಒಮ್ಮೆಯೂ ತಪ್ಪುವುದಿಲ್ಲ. ಹಾಗಾಗಿ ಗಾಡಿ ನಿಂತ ಜಾಗದಲ್ಲಿಯೇ, ಎಂಜಿನ್ ಆರುವ ಮೊದಲೇ ಕಿಡಿ ನೋಡಬೇಕು, ಓಮ್ ಅಳೆಯಬೇಕು. ಅದು ಆಗದಿದ್ದರೆ ಬಿಸಿಗಾಳಿಯಿಂದ ಕಾಯಿಲನ್ನು ಹದವಾಗಿ ಕಾಯಿಸಿ ಅಳೆಯಬೇಕು. ಎರಡೂ ಕತ್ತಲ ಕೋಣೆಗೆ ದೀಪ ತರುವ ಕೆಲಸ.

ಲೋಡ್ ಎಂಬ ಉಪಾಧಿ ಮೆಕ್ಯಾನಿಕನನ್ನು ಎಲ್ಲಕ್ಕಿಂತ ಹೆಚ್ಚು ವಂಚಿಸುತ್ತದೆ. ಹತ್ತಾರು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ತುದಿಯಲ್ಲಿ ಮೀಟರ್ ಹಿಡಿದರೆ ಪೂರ್ತಿ ಬ್ಯಾಟರಿ ವೋಲ್ಟೇಜ್ ತೋರಿಸುತ್ತದೆ. ಡಿಜಿಟಲ್ ಮೀಟರ್ ಎಳೆಯುವ ಕರೆಂಟು ಒಂದು ಆಂಪಿಯರಿನ ಹತ್ತು ಲಕ್ಷದಲ್ಲೊಂದು ಪಾಲಿನ ಆಸುಪಾಸು; ಅಷ್ಟನ್ನು ಸಾಗಿಸಲು ಒಂದೆಳೆ ಧಾರಾಳವಾಯಿತು. ಸೆಲ್ಫ್ ಮೋಟರಿಗೆ ಬೇಕಾದದ್ದು ಹತ್ತಾರು ಆಂಪಿಯರ್. 50 ಆಂಪಿಯರ್ ಹರಿಯುವ ದಾರಿಯಲ್ಲಿ 0.1 ಓಮ್ ತಡೆ ಇದ್ದರೆ ಅಲ್ಲಿಯೇ 5 ವೋಲ್ಟ್ ಕಳೆದುಹೋಗುತ್ತದೆ. ಸಾಮಾನ್ಯ ಮೀಟರಿನ ಓಮ್ ಅಳತೆಯಲ್ಲಿ ಆ 0.1 ಇದ್ದೂ ಇಲ್ಲದಂತೆ. ಅರ್ತ್ ಬೋಲ್ಟಿನ ಕೆಳಗಿನ ತುಕ್ಕು ಹೀಗೆಯೇ ವರ್ಷಗಟ್ಟಲೆ ಅಡಗಿರಬಲ್ಲದು. ಮೀಟರ್ ಸುಳ್ಳು ಹೇಳಲಿಲ್ಲ. 12 ವೋಲ್ಟ್ ಎಂಬ ಪ್ರತ್ಯಕ್ಷ ನಿಜ, ‘ಆದ್ದರಿಂದ ವೈರು ಸರಿಯಿದೆ’ ಎಂಬ ಅನುಮಾನ ತಪ್ಪು. ಸರಿಯಾದ ಕ್ರಮವೆಂದರೆ ಕರೆಂಟು ಹರಿಯುತ್ತಿರುವಾಗಲೇ ವೈರಿನ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ಬಿದ್ದುಹೋಗುತ್ತಿದೆಯೆಂದು ಅಳೆಯುವುದು. ಮೀಟರಿಲ್ಲದ ಊರಿನ ಮೆಕ್ಯಾನಿಕ್ ಹೆಡ್‌ಲೈಟಿನ ಹಳೆಯ ಬಲ್ಬಿಗೆ ಎರಡು ವೈರು ಕಟ್ಟಿ ಪರೀಕ್ಷಿಸುತ್ತಾನಲ್ಲ, ಈ ಒಂದು ಕೆಲಸದಲ್ಲಿ ಅವನ ಬಲ್ಬು ಮೀಟರಿಗಿಂತ ಮೇಲು. ಅದು ಕರೆಂಟನ್ನು ಎಳೆದು ನೋಡುತ್ತದೆ.

ದೋಷವನ್ನು ಕಣ್ಣಾರೆ ಕಂಡವನು ಸವಾರನೊಬ್ಬನೇ. ಅವನ ಮಾತು ಇಲ್ಲಿ ಶಬ್ದಪ್ರಮಾಣ. ಇದ್ದದ್ದನ್ನು ಇದ್ದಂತೆ ತಿಳಿದು, ಅದನ್ನು ಹಾಗೆಯೇ ಹೇಳಬಯಸುವವನು ಆಪ್ತ ಎಂದು ನೈಯಾಯಿಕರ ಲಕ್ಷಣ. ಅವನು ಶಾಸ್ತ್ರಜ್ಞನಾಗಿರಬೇಕೆಂಬ ಕಟ್ಟಳೆಯಿಲ್ಲ. ಸಿಡಿಐ ಎಂದರೇನೆಂದು ತಿಳಿಯದ ಸವಾರನೂ ‘ಏರಿನಲ್ಲಿ, ಇಬ್ಬರು ಕೂತಾಗ, ಮಧ್ಯಾಹ್ನದ ಹೊತ್ತು’ ಎಂದು ಹೇಳಿದರೆ ಮೂರು ಉಪಾಧಿಗಳನ್ನು ಕೊಟ್ಟಂತಾಯಿತು. ಅದನ್ನು ಅರ್ಧಕ್ಕೆ ತಡೆದು ‘ಪ್ಲಗ್ ಹೋಗಿರುತ್ತೆ ಬಿಡಿ ಸಾರ್’ ಎನ್ನುವುದು ಇದ್ದೊಬ್ಬ ಸಾಕ್ಷಿಯನ್ನು ಓಡಿಸಿದಂತೆ. ಎಷ್ಟು ಹೊತ್ತಿನ ಮೇಲೆ ನಿಂತಿತು, ಒಮ್ಮೆಗೇ ನಿಂತಿತೋ ಮುಗ್ಗರಿಸಿ ನಿಂತಿತೋ, ಆಗ ದೀಪ ಮಂಕಾಗಿತ್ತೇ, ಹಾರನ್ ಕೂಗಿತೇ, ಎಷ್ಟು ಹೊತ್ತು ಬಿಟ್ಟ ಮೇಲೆ ಮತ್ತೆ ಹೊರಟಿತು, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು: ಇವಿಷ್ಟನ್ನು ಕೇಳಿ ತಿಳಿದ ಮೇಲೆ ಸ್ಪಾನರ್ ಮುಟ್ಟುವುದು ಒಳ್ಳೆಯದು.

ಕೊನೆಯ ಪ್ರಶ್ನೆ ಪೆಟ್ರೋಲಿನದಾಗಿರುವುದಕ್ಕೆ ಕಾರಣವಿದೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ರಂಧ್ರ ಕಟ್ಟಿಕೊಂಡರೆ ಪೆಟ್ರೋಲ್ ಇಳಿದಂತೆ ಒಳಗೆ ಗಾಳಿಯ ಒತ್ತಡ ಕುಗ್ಗುತ್ತದೆ, ಹರಿವು ನಿಲ್ಲುತ್ತದೆ, 20 ನಿಮಿಷಕ್ಕೆ ಗಾಡಿ ನಿಲ್ಲುತ್ತದೆ. ಸ್ವಲ್ಪ ಹೊತ್ತಿನಲ್ಲಿ ಗಾಳಿ ಹೇಗೋ ನುಸುಳಿ ಮತ್ತೆ ಹೊರಡುತ್ತದೆ. ಲಕ್ಷಣ ಪಲ್ಸರ್ ಕಾಯಿಲಿನದ್ದೇ, ಕಾರಣದಲ್ಲಿ ವಿದ್ಯುತ್ತಿನ ಸುಳಿವೇ ಇಲ್ಲ. ಎರಡು ಪಕ್ಷಕ್ಕೂ ಸಲ್ಲುವ ಇಂಥ ಹೇತುವನ್ನು ತರ್ಕಶಾಸ್ತ್ರ ಸವ್ಯಭಿಚಾರವೆಂದು ಕರೆದು ಹೇತ್ವಾಭಾಸಗಳ ಸಾಲಿಗೆ ಸೇರಿಸಿದೆ. ಪಕ್ಷಗಳನ್ನು ಬೇರ್ಪಡಿಸುವ ಪರೀಕ್ಷೆ ಬೇಕು. ನಿಂತ ತಕ್ಷಣ ಮುಚ್ಚಳ ತೆರೆದಾಗ ಉಸ್ ಎಂದು ಗಾಳಿ ಎಳೆದುಕೊಂಡು ಗಾಡಿ ಹೊರಟರೆ ದೋಷ ಮುಚ್ಚಳದ್ದು. ಮುಚ್ಚಳ ತೆರೆದರೂ ಪ್ಲಗ್ಗಿನಲ್ಲಿ ಕಿಡಿಯೇ ಇಲ್ಲದಿದ್ದರೆ ವಿದ್ಯುತ್ತಿನದು.

ಹೀಗೆ ಬೇರ್ಪಡಿಸದೆ ಭಾಗಗಳನ್ನು ಬದಲಿಸುತ್ತ ಹೋದರೆ ಆಗುವುದು ಕಾಕತಾಳೀಯ. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋದಂತೆ, ಪ್ಲಗ್ ಬದಲಿಸುವುದಕ್ಕೂ ಎಂಜಿನ್ ಆರುವುದಕ್ಕೂ ಸರಿಹೋಗುತ್ತದೆ. ಗಾಡಿ ಹೊರಟದ್ದು ತಣ್ಣಗಾದದ್ದರಿಂದ, ಹೆಸರು ಬಂದದ್ದು ಪ್ಲಗ್ಗಿಗೆ. ನ್ಯಾಯಶಾಸ್ತ್ರ ಇದಕ್ಕೆ ‘ಅನ್ಯಥಾಸಿದ್ಧ’ ಎಂಬ ವರ್ಗವನ್ನೇ ಮಾಡಿದೆ. ಗಡಿಗೆಗೆ ಮೊದಲು ಮಣ್ಣು ಹೊತ್ತು ತಂದ ಕತ್ತೆ ಇತ್ತು. ಅಷ್ಟರಿಂದ ಕತ್ತೆ ಗಡಿಗೆಯ ಕಾರಣವಾಗದು, ಅದಿಲ್ಲದೆಯೂ ಮಣ್ಣು ಬರಬಹುದಿತ್ತು. ಬಂದು ಹೋಗುವ ದೋಷದ ರಿಪೇರಿ ಬಿಲ್ಲುಗಳಲ್ಲಿ ಇಂಥ ಕತ್ತೆಗಳಿಗೆ ತೆತ್ತ ಹಣ ಕಡಿಮೆಯಲ್ಲ.

ಗಾಡಿ ಪದೇ ಪದೇ ಕೈಕೊಟ್ಟಾಗ ಗ್ರಹಚಾರ, ದೃಷ್ಟಿ ಎಂಬ ಮಾತುಗಳೂ ಬರುತ್ತವೆ. ನೈಯಾಯಿಕರು ಅದೃಷ್ಟವನ್ನು ನಂಬಿದವರು, ಈಶ್ವರನನ್ನು ಯುಕ್ತಿಯಿಂದ ಸಾಧಿಸಲು ಹೊರಟವರು. ಆದರೆ ಕಣ್ಣಿಗೆ ಕಾಣುವ ಕಾರಣ ಸಾಲುವಲ್ಲಿ ಕಾಣದ ಕಾರಣವನ್ನು ಕಲ್ಪಿಸಬಾರದೆಂಬುದು ಶಾಸ್ತ್ರಕಾರರು ಒಪ್ಪಿದ ಕಟ್ಟುಪಾಡು. ಆಯುಧಪೂಜೆಯ ದಿನ ಸ್ಕೂಟರಿಗೆ ಕುಂಕುಮವಿಟ್ಟು ನಿಂಬೆಹಣ್ಣು ಇಡುವುದಕ್ಕೂ ಮರುದಿನ ಅದರ ಅರ್ತ್ ಬೋಲ್ಟನ್ನು ಉಜ್ಜಿ ಬಿಗಿಯುವುದಕ್ಕೂ ವಿರೋಧವಿಲ್ಲ. ಒಂದು ಕೃತಜ್ಞತೆ, ಇನ್ನೊಂದು ಚಿಕಿತ್ಸೆ.

ಇಷ್ಟಾದ ಮೇಲೂ ಸಂದೇಹವಾದಿಯ ಪ್ರಶ್ನೆ ಉಳಿಯುತ್ತದೆ. ಹತ್ತು ಸಲ ಕಾದಾಗ ನಿಂತದ್ದರಿಂದ ಹನ್ನೊಂದನೆಯ ಸಲವೂ ನಿಲ್ಲುತ್ತದೆಂದು ಹೇಗೆ ಗೊತ್ತು? ಕಾಣದ ಇನ್ನೊಂದು ಉಪಾಧಿ ಇಲ್ಲವೆಂದು ಯಾರು ಹೇಳಬಲ್ಲರು? ವಿಜಯನಗರದ ಕಾಲದ, ಮಾಧವನ ಹೆಸರಿನಲ್ಲಿ ಪ್ರಸಿದ್ಧವಾದ ‘ಸರ್ವದರ್ಶನಸಂಗ್ರಹ’ದಲ್ಲಿ ಚಾರ್ವಾಕರ ಬಾಯಲ್ಲಿ ಬರುವುದು ಇದೇ ಆಕ್ಷೇಪ. 1739ರಲ್ಲಿ ಡೇವಿಡ್ ಹ್ಯೂಮ್ ತನ್ನದೇ ದಾರಿಯಲ್ಲಿ ಇದರ ಹತ್ತಿರಕ್ಕೆ ಬಂದ. 10ನೆಯ ಶತಮಾನದ ಉದಯನ ಕೊಟ್ಟ ಉತ್ತರ ಗ್ಯಾರೇಜಿನಲ್ಲಿಯೂ ನಿಲ್ಲುವಂಥದು: ಸಂದೇಹಕ್ಕೆ ಸಂದೇಹಪಡುವವನ ನಡವಳಿಕೆಯೇ ಗಡಿ. ಹೊಗೆಗೆ ಬೆಂಕಿ ಬೇಕೋ ಬೇಡವೋ ಎಂದು ಶಂಕಿಸುವವನೂ ಹೊಗೆ ಬೇಕಾದಾಗ ಬೆಂಕಿಯನ್ನೇ ಹೊತ್ತಿಸುತ್ತಾನೆ. ತನ್ನ ಕೈ ಮಾಡುವ ಕೆಲಸ ಅಲ್ಲಗಳೆಯುವಂಥ ಸಂದೇಹವನ್ನು ಮುಂದುವರಿಸುವ ಹೊಣೆ ಯಾರ ಮೇಲೂ ಇಲ್ಲ. ಅಲ್ಲಿಯವರೆಗೆ ಮಾತ್ರ ಸಂದೇಹಪಡುವುದು ಕರ್ತವ್ಯ, ಮತ್ತು ಹೆಚ್ಚಿನ ರಿಪೇರಿಗಳು ಕೆಡುವುದು ಅಷ್ಟು ದೂರವೂ ಹೋಗದೆ ನಿಂತದ್ದರಿಂದ.

ಎಲ್ಲಿಯವರೆಗೆ ಹೋಗಬೇಕೆಂಬುದನ್ನು ಅನ್ವಯ ವ್ಯತಿರೇಕಗಳು ತಿಳಿಸುತ್ತವೆ. ಇದ್ದರೆ ಇರುವುದು ಅನ್ವಯ, ಇಲ್ಲದಿದ್ದರೆ ಇಲ್ಲದಿರುವುದು ವ್ಯತಿರೇಕ. ಜಾನ್ ಸ್ಟೂಅರ್ಟ್ ಮಿಲ್ 1843ರಲ್ಲಿ ಪ್ರಕಟಿಸಿದ ತರ್ಕಗ್ರಂಥದ ಸಾಮ್ಯ ಮತ್ತು ಭೇದದ ವಿಧಾನಗಳು ಇವಕ್ಕೆ ಬಹಳ ಹತ್ತಿರ. ಹೊಸ ಪಲ್ಸರ್ ಕಾಯಿಲ್ ಹಾಕಿದ ಮೇಲೆ ಗಾಡಿ ನಿಲ್ಲಲಿಲ್ಲವೆಂಬುದು ಅರ್ಧ ಸಾಕ್ಷ್ಯ. ಹಾಕುವಾಗ ಬಿಚ್ಚಿ ಜೋಡಿಸಿದ ಕಪ್ಲರೇ ಬಿಗಿಯಾಗಿ ಕೂತು ದೋಷ ಹೋಗಿರಬಹುದು. ಹಳೆಯ ಕಾಯಿಲನ್ನು ಮತ್ತೆ ಹಾಕಿ, ಕಾದಾಗ ಗಾಡಿ ಮತ್ತೆ ನಿಂತು, ಹೊಸದನ್ನು ಹಾಕಿದಾಗ ಅಷ್ಟೇ ಕಾದರೂ ಓಡಿದರೆ ಸಾಕ್ಷ್ಯ ಪೂರ್ಣ. ಹಳೆಯದನ್ನು ಮತ್ತೆ ಹಾಕುವಷ್ಟು ವೇಳೆ ಇಲ್ಲದ ಕಡೆ ಅದನ್ನು ಮೇಜಿನ ಮೇಲೆ ಕಾಯಿಸಿ ಓಮ್ ಅಳೆದರೂ ನಡೆಯುತ್ತದೆ.

ಇಂಥ ಗಾಡಿಯನ್ನು ರಿಪೇರಿ ಮಾಡಿದವರು, ಮುಂಚೆ ಎಷ್ಟು ಹೊತ್ತಿಗೆ ನಿಲ್ಲುತ್ತಿತ್ತೋ ಅದರ ಎರಡು ಪಟ್ಟು ಹೊತ್ತಾದರೂ, ಅದೇ ಬಿಸಿಲಿನಲ್ಲಿ, ಅದೇ ಭಾರ ಹೊರಿಸಿ, ಅದೇ ಏರಿನಲ್ಲಿ ಓಡಿಸಿ ನೋಡಿದ ಮೇಲೆಯೇ ಕೀಲಿಕೈಯನ್ನು ಸವಾರನ ಕೈಗೆ ಕೊಡಬೇಕು. ಸವಾರರೂ ಅಷ್ಟು ಸಮಯವನ್ನು ಅವರಿಗೆ ಕೊಡಬೇಕು.