ಇಂದಿನ ಚಿಂತನೆ: ಸೋಣನ ಪಾದರಕ್ಷೆ




ಹೋದ ವರ್ಷ ದಸರಾ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಶಾಲೆಗೇ ಮೊದಲಿಗನಾಗಿದ್ದವನು. ಈಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಐದು ವರ್ಷದಿಂದ ಕೆಲಸ. ಕಾಫಿ ಲೋಟ ಹಿಡಿದ ಕೈ ಸಣ್ಣಗೆ ನಡುಗುತ್ತಿತ್ತು. "ಯಾಕಪ್ಪಾ, ಹುಷಾರಿಲ್ವಾ?" ಎಂದೆ. "ಏನಿಲ್ಲ ಮೇಡಂ, ನಿದ್ದೆ ಒಂದೇ ಸರಿಯಾಗ್ತಿಲ್ಲ" ಎಂದು ಫೋನ್ ತೆಗೆದು ಒಂದು ಪಟ್ಟಿ ತೋರಿಸಿದ.

ಅದು ಅವನ ದಿನಚರಿ. ಎಕ್ಸೆಲ್‌ನಲ್ಲಿ ಬಣ್ಣಬಣ್ಣದ ಚೌಕಗಳು. ಬೆಳಿಗ್ಗೆ 5ಕ್ಕೆ ಏಳುವುದು, 5.15ಕ್ಕೆ ಧ್ಯಾನ, 5.45ಕ್ಕೆ ಜಿಮ್, 7ಕ್ಕೆ ಹೊಸ ಕೋರ್ಸಿನ ಓದು, 9ಕ್ಕೆ ಲಾಗಿನ್. ರಾತ್ರಿ 9ಕ್ಕೆ ಅಮೆರಿಕದ ತಂಡದ ಜೊತೆ ಕಾಲ್. ಕ್ಯಾಲಿಫೋರ್ನಿಯಾದಲ್ಲಿ ಆಗ ಬೆಳಿಗ್ಗೆ ಎಂಟೂವರೆ. ನವೆಂಬರಿನಲ್ಲಿ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರೆ ಇಲ್ಲಿ ಅದೇ ಕಾಲ್ ಹತ್ತಕ್ಕೆ. ಮುಗಿಯುವುದು ಹನ್ನೊಂದಕ್ಕೋ ಹನ್ನೆರಡಕ್ಕೋ. ಆನ್-ಕಾಲ್ ವಾರವಾದರೆ ನಡುರಾತ್ರಿ ಸರ್ವರ್ ನಿಂತರೂ ಎದ್ದು ಕೂರಬೇಕು. ಆದರೂ ಪಟ್ಟಿಯಲ್ಲಿ ಏಳುವ ಹೊತ್ತು 5 ಗಂಟೆಯೇ.

"ಹನ್ನೊಂದು ದಿನ ನಡೀತು ಮೇಡಂ, ಆಮೇಲೆ ತಪ್ಪಿಹೋಯ್ತು. ಇದು ನಾಲ್ಕನೇ ಸಲ. ನನ್ನಲ್ಲೇ ಶಿಸ್ತಿಲ್ಲ ಅನ್ಸತ್ತೆ" ಎಂದ.

ನನಗೆ ಚುರುಕ್ ಎಂದಿತು. ಹತ್ತನೇ ತರಗತಿಯಲ್ಲಿ ಈ ಹುಡುಗ ರಾತ್ರಿ ಒಂದರವರೆಗೆ ಓದಿ ಮತ್ತೆ ನಾಲ್ಕಕ್ಕೆ ಏಳುತ್ತಾನೆಂದು ಅವನ ತಾಯಿ ಹೇಳಿದಾಗ, ಇಡೀ ತರಗತಿಯ ಮುಂದೆ ಅವನನ್ನು ನಿಲ್ಲಿಸಿ "ಇವನನ್ನ ನೋಡಿ ಕಲೀರಿ" ಎಂದವಳು ನಾನೇ. ಅವನು ಮೊದಲ ಬೆಂಚಿನಲ್ಲಿ ತೂಕಡಿಸುತ್ತಿದ್ದುದನ್ನೂ ನೋಡಿದ್ದೆ. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಆ ದಿನ ಅವನಿಗೆ ನಾನು ಹೇಳಿದ್ದು ಸೋಣನ ಕಥೆ.

ಸೋಣ ಕೋಳಿವಿಸ ಚಂಪಾ ನಗರದ ಸಿರಿವಂತರ ಮಗ. ಬಹಳ ಮೃದುವಾದ ಪಾದದವನು. ಭಿಕ್ಷುವಾದ ಮೇಲೆ ರಾಜಗೃಹದ ಬಳಿಯ ಸೀತವನದಲ್ಲಿ ನಡಿಗೆಯ ಧ್ಯಾನ ಮಾಡಿ ಮಾಡಿ ಅವನ ಪಾದ ಒಡೆದು, ನಡೆಯುವ ದಾರಿಯೆಲ್ಲ ರಕ್ತವಾಯಿತು. ಇಷ್ಟು ಕಷ್ಟಪಟ್ಟರೂ ಬಿಡುಗಡೆ ಸಿಗಲಿಲ್ಲವಲ್ಲ, ಮನೆಗೇ ಹೋಗಿಬಿಡಲೇ ಎಂದು ಯೋಚಿಸಿದ. ಆಗ ಬುದ್ಧರು ಬಂದು ಅವನು ಹಿಂದೆ ನುಡಿಸುತ್ತಿದ್ದ ವೀಣೆಯ ಬಗ್ಗೆ ಕೇಳಿದರು. ತಂತಿ ಅತಿ ಬಿಗಿಯಾದರೆ ನಾದ ಬರುತ್ತದೆಯೇ? ಅತಿ ಸಡಿಲವಾದರೆ? ಎರಡಕ್ಕೂ ಇಲ್ಲವೆಂದ ಸೋಣ. ಹಾಗೆಯೇ ಪ್ರಯತ್ನ ಅತಿಯಾದರೆ ಮನಸ್ಸು ಚಂಚಲವಾಗುತ್ತದೆ, ಕಡಿಮೆಯಾದರೆ ಸೋಮಾರಿಯಾಗುತ್ತದೆ ಎಂದು ಬುದ್ಧರು ತಿಳಿಸಿದರು.

ವೀಣೆ ನುಡಿಸುವವರನ್ನು ನೋಡಿ. ನಿನ್ನೆ ಶ್ರುತಿ ಮಾಡಿದ್ದೇನೆಂದು ಇಂದು ಸುಮ್ಮನೆ ಕೂರುವುದಿಲ್ಲ. ಕೂತಾಗಲೆಲ್ಲ ಬಿರಡೆ ತಿರುಗಿಸುತ್ತಾರೆ. ದಿನಚರಿಯೂ ಹಾಗೆಯೇ. ರಾತ್ರಿ ಹನ್ನೆರಡಕ್ಕೆ ಮಲಗಿದ ದಿನ ಬೆಳಿಗ್ಗೆ ಏಳಕ್ಕೆ ಏಳುವುದು ಶಿಸ್ತು ತಪ್ಪಿದಂತಲ್ಲ, ಶ್ರುತಿ ಮಾಡಿಕೊಂಡಂತೆ. ಬುದ್ಧರ ದಿನವನ್ನು ಐದು ಭಾಗ ಮಾಡಿ ಹೇಳುವ ಪಾಲಿ ಅಟ್ಠಕಥೆಗಳೂ ಬೋಧನೆ, ನಡಿಗೆ, ಧ್ಯಾನಗಳ ಜೊತೆ ವಿಶ್ರಾಂತಿಗೆ ಜಾಗ ಇಟ್ಟಿವೆ.

ಇಷ್ಟು ಕೇಳಿ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮ್ಯಾನೇಜರ್‌ಗೆ ನಾನಂದ್ರೆ ಇಷ್ಟ ಮೇಡಂ. ಕೇಳಿದ್ರೆ ನನ್ನನ್ನ ರಾತ್ರಿ ಕಾಲ್‌ನಿಂದ ಬಿಡ್ತಾರೆ. ಆದ್ರೆ ಅದು ಹೊಸದಾಗಿ ಸೇರಿರೋ ಹುಡುಗಿ ತಲೆ ಮೇಲೆ ಬೀಳತ್ತೆ. ಕೇಳೋದು ತಪ್ಪಾ?" ಎಂದ.

ಸೋಣನ ಕಥೆಯ ಉಳಿದರ್ಧ ಇರುವುದು ಈ ಪ್ರಶ್ನೆಗೇ. ನಾವು ವೀಣೆಯ ಮಾತನ್ನು ಹೇಳಿ ಇದನ್ನು ಬಿಟ್ಟುಬಿಡುತ್ತೇವೆ. ವಿನಯ ಪಿಟಕದ ಮಹಾವಗ್ಗದಲ್ಲಿ ಇದಿದೆ. ಸೋಣ ಅರಹಂತನಾದ ಮೇಲೆ ಬುದ್ಧರು ಅವನಿಗೆ ಒಂದು ಪದರದ ಪಾದರಕ್ಷೆ ಧರಿಸಲು ಅನುಮತಿ ಕೊಡುತ್ತಾರೆ. ಸೋಣ ಒಪ್ಪುವುದಿಲ್ಲ. ಎಂಬತ್ತು ಬಂಡಿ ಬಂಗಾರ ಬಿಟ್ಟು ಬಂದವನು ಚಪ್ಪಲಿಗೆ ಅಂಟಿಕೊಂಡ ಎಂದು ಜನ ಆಡಿಕೊಂಡಾರು. ಇಡೀ ಸಂಘಕ್ಕೆ ಅನುಮತಿ ಕೊಟ್ಟರೆ ನಾನೂ ಧರಿಸುತ್ತೇನೆ, ಇಲ್ಲದಿದ್ದರೆ ಬೇಡ ಎನ್ನುತ್ತಾನೆ. ಬುದ್ಧರು ಎಲ್ಲ ಭಿಕ್ಷುಗಳಿಗೂ ಅನುಮತಿ ಕೊಡುತ್ತಾರೆ.

ಒಬ್ಬನ ಒಡೆದ ಪಾದದಿಂದ ಎಲ್ಲರ ಕಾಲಿಗೂ ಪಾದರಕ್ಷೆ ಬಂತು!

ನಮ್ಮ ಶಾಲೆಯಲ್ಲಿ ಊಟದ ಗಂಟೆ ಹಸಿದ ಒಬ್ಬ ಹುಡುಗನಿಗಾಗಿ ಹೊಡೆಯುವುದಿಲ್ಲ, ಎಲ್ಲರಿಗೂ ಹೊಡೆಯುತ್ತದೆ. ಅದಕ್ಕೇ ಯಾವ ಮಗುವೂ ಎದ್ದು ಹೋಗಲು ನಾಚುವುದಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿ ಆ ಗಂಟೆ ಇಲ್ಲ. ಅಲ್ಲಿ ಪ್ರತಿಯೊಬ್ಬರೂ ಒಬ್ಬೊಬ್ಬರಾಗಿ ಗಟ್ಟಿಯಾಗಬೇಕು, ಸೋತರೆ ತಮ್ಮದೇ ತಪ್ಪು ಎಂದುಕೊಳ್ಳಬೇಕು. 2024ರಲ್ಲಿ ನಮ್ಮ ರಾಜ್ಯದಲ್ಲೇ ಐಟಿ ಕೆಲಸದ ಅವಧಿಯನ್ನು ದಿನಕ್ಕೆ 14 ಗಂಟೆವರೆಗೆ ಹೆಚ್ಚಿಸುವ ಪ್ರಸ್ತಾಪ ಸುದ್ದಿಯಾಗಿ, ನೌಕರರ ಸಂಘ ಅದನ್ನು ವಿರೋಧಿಸಿದ್ದು ನೆನಪಿರಬಹುದು. ದಿನಕ್ಕೆ ಇರುವುದೇ 24 ಗಂಟೆ. ಹದಿನಾಲ್ಕನ್ನು ಕೊಟ್ಟವನಿಗೆ ಬೆಳಿಗ್ಗೆ ಐದಕ್ಕೆ ಎದ್ದು ಧ್ಯಾನ ಮಾಡು ಎಂದು ಉಪದೇಶಿಸುವುದು ಕರುಣೆಯಲ್ಲ. ಫ್ರಾನ್ಸಿನಲ್ಲಿ ಕೆಲಸದ ಹೊತ್ತು ಮುಗಿದ ಮೇಲೆ ಫೋನು, ಮೇಲ್‌ಗಳಿಂದ ದೂರವಿರುವ ಹಕ್ಕು 2017ರಿಂದಲೇ ಕಾನೂನಿನಲ್ಲಿದೆ. ಅದೂ ಎಲ್ಲರಿಗಾಗಿ ಹೊಡೆದ ಗಂಟೆಯೇ.

"ಕೇಳು. ಆದರೆ ನಿನಗೊಬ್ಬನಿಗೇ ಕೇಳಬೇಡ" ಎಂದು ಕಳಿಸಿದೆ.

ಮೊನ್ನೆ ಫೋನ್ ಮಾಡಿದ್ದ. ತಂಡದ ಆರು ಜನ ಕೂಡಿ ಮ್ಯಾನೇಜರ್ ಜೊತೆ ಮಾತಾಡಿದರಂತೆ. ಕೇಳಿದ್ದೆಲ್ಲ ಸಿಗಲಿಲ್ಲ. ರಾತ್ರಿ ಕಾಲ್ ಈಗ ವಾರಕ್ಕೆ ಎರಡೇ ದಿನ, ಉಳಿದ ದಿನ ಬರೆದು ಕಳಿಸಿದರೆ ಸಾಕು. ರಾತ್ರಿ ಎದ್ದವರು ಮರುದಿನ ತಡವಾಗಿ ಕೆಲಸ ಶುರು ಮಾಡಬಹುದು. ಅವನಿಗೂ ಅದೇ, ಹೊಸ ಹುಡುಗಿಗೂ ಅದೇ. ಎಕ್ಸೆಲ್ ಪಟ್ಟಿ ಅಳಿಸಿದ್ದಾನೆ. ಉಳಿಸಿಕೊಂಡಿದ್ದು ಮೂರು: ಏಳು ಗಂಟೆ ನಿದ್ದೆ, ಲ್ಯಾಪ್‌ಟಾಪ್ ತೆರೆಯುವ ಮೊದಲು ಹತ್ತು ನಿಮಿಷ ಸುಮ್ಮನೆ ಕೂರುವುದು, ಸ್ಕ್ರೀನ್ ನೋಡದೆ ಮಧ್ಯಾಹ್ನದ ಊಟ. "ಎಷ್ಟು ದಿನ ಆಯ್ತಪ್ಪಾ?" ಎಂದೆ. "ಎಣಿಸಿಲ್ಲ ಮೇಡಂ" ಎಂದ.

ನಾನೂ ಈ ವರ್ಷ ಹತ್ತನೇ ತರಗತಿಯ ಮಕ್ಕಳಿಗೆ, ಎಷ್ಟು ಹೊತ್ತು ಓದಿದಿರಿ ಎಂದು ಕೇಳುವ ಮೊದಲು ಎಷ್ಟು ಹೊತ್ತು ಮಲಗಿದಿರಿ ಎಂದು ಕೇಳುತ್ತಿದ್ದೇನೆ. ತಡವಾಗಿ ಕಲಿತ ಪಾಠ.

ಇಂದಿನ ಅಭ್ಯಾಸ: ನಮಗೆ ಬೇಕೆನಿಸಿದ ಒಂದು ಬಿಡುವನ್ನು ನೆನೆಯೋಣ. ಅದು ನಮ್ಮ ಪಕ್ಕದವರಿಗೂ ಸಿಗುತ್ತಿದೆಯೇ ಎಂದು ಒಮ್ಮೆ ನೋಡೋಣ.

ಐಟಿ ಕೆಲಸದಲ್ಲಿರುವ ಮಕ್ಕಳಿದ್ದರೆ ಅವರಿಗೂ ಇದನ್ನು ಕಳಿಸಿ. ರಾತ್ರಿ ಹತ್ತರ ಮೇಲೆ ಮಾತ್ರ ಬೇಡ.

ಎಲ್ಲರಿಗೂ ಮಂಗಳವಾಗಲಿ. 🙏