ಎರಡೂ ಕಣ್ಣು ತೆರೆದು

ದ್ರೋಣರು ಇಟ್ಟ ಪರೀಕ್ಷೆಯ ಕತೆಯನ್ನು ನಾವೆಲ್ಲ ಪ್ರೈಮರಿ ಶಾಲೆಯಲ್ಲೇ ಕೇಳಿದ್ದೇವೆ. ಮರದ ಮೇಲೊಂದು ಗೊಂಬೆ ಹಕ್ಕಿ. ಏನೇನು ಕಾಣುತ್ತದೆ ಎಂದು ಗುರುಗಳ ಪ್ರಶ್ನೆ. ಮರ ಕಾಣುತ್ತದೆ, ಹಕ್ಕಿ ಕಾಣುತ್ತದೆ, ನೀವು ಕಾಣುತ್ತೀರಿ, ತಮ್ಮಂದಿರೂ ಕಾಣುತ್ತಾರೆ ಎಂದ ಧರ್ಮರಾಯನಿಗೆ ಬೈಗುಳ. ಹಕ್ಕಿಯ ಕಣ್ಣು ಬಿಟ್ಟು ಬೇರೇನೂ ಕಾಣುತ್ತಿಲ್ಲ ಎಂದ ಅರ್ಜುನನಿಗೆ ಶಹಭಾಸ್. (ವ್ಯಾಸಭಾರತದಲ್ಲಿ ಅರ್ಜುನ ನೋಡುವುದು ಹಕ್ಕಿಯ ತಲೆಯನ್ನು. ಅದನ್ನು ಕಣ್ಣು ಮಾಡಿದವರು ನಮ್ಮ ಮೇಷ್ಟ್ರುಗಳಿರಬೇಕು.) ಏಕಾಗ್ರತೆಯ ಪಾಠವಾಗಿ ಕತೆ ಚೆನ್ನಾಗಿಯೇ ಇದೆ. ಆದರೆ ಕೆಲವು ವರ್ಷಗಳಿಂದ ಭಾನುವಾರ ಬೆಳಿಗ್ಗೆ ಪುಣೆಯ ಒಂದು ರೈಫಲ್ ಕ್ಲಬ್ಬಿಗೆ ಹೋಗುತ್ತಿರುವ ನನಗೆ ಈಗೀಗ ಧರ್ಮರಾಯನ ಪರ ವಕಾಲತ್ತು ವಹಿಸಬೇಕೆನಿಸುತ್ತದೆ. ಹೊಸಬರಿಗೆ ರೇಂಜಿನಲ್ಲಿ ಹೇಳಿಕೊಡುವ ಮೊದಲ ಮಾತುಗಳಲ್ಲಿ ಇದೂ ಒಂದು: ನಿನ್ನ ಗುರಿ ಯಾವುದು, ಅದರ ಹಿಂದೆ ಏನಿದೆ, ಎರಡೂ ತಿಳಿಯುವ ತನಕ ಟ್ರಿಗರ್ ಮೇಲೆ ಬೆರಳಿಡಬೇಡ. ತಮ್ಮಂದಿರೂ ಕಾಣುತ್ತಿದ್ದಾರೆ ಎನ್ನುವವನ ಕೈಗೆ ಧೈರ್ಯವಾಗಿ ರೈಫಲ್ ಕೊಡಬಹುದು. ಕಣ್ಣೊಂದೇ ಕಾಣುತ್ತಿದೆ ಎನ್ನುವವನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುವುದು ಮೇಲು.

ಈ ಯೋಚನೆ ತಲೆಗೆ ಹತ್ತಿದ್ದು ಅಕ್ಕನ ಮಗನಿಂದ. ಅಕ್ಕನನ್ನು ಕೊಟ್ಟಿರುವುದು ಸೋಮವಾರಪೇಟೆ ಕಡೆಗೆ. ಪುಣೆಯ ಫ್ಲಾಟಿನಲ್ಲಿ ಇರುವವರು ಬೆಚ್ಚಿಬೀಳುವ ಹಾಗೆ ಕೊಡಗಿನವರು ಕೋವಿಯ ಹೆಸರಿಗೆ ಬೆಚ್ಚುವುದಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದಲೂ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹುಡುಗ ಫೋನ್ ಮಾಡಿ, "ಮಾವ, ನನ್ನ ಪಾಯಿಂಟ್ ಟೂಟೂ ರೈಫಲ್‌ಗೆ ರೆಡ್ ಡಾಟ್ ಹಾಕ್ಬೇಕು. ಯಾವುದು ತಗೊಳ್ಳಲಿ, ಹ್ಯಾಗೆ ಸೆಟ್ ಮಾಡ್ಲಿ?" ಎಂದ. ಸ್ಪರ್ಧೆಗಾ ಎಂದೆ. ಸ್ಪರ್ಧೆಯಲ್ಲಿ ಬಿಡ್ತಾರೋ ಇಲ್ವೋ ಕೇಳ್ಬೇಕು ಎಂದ. ಬೇರೆ ಏನೇನೋ ಮಾತಾಡಿ ಕೊನೆಗೆ, "ಸಂಜೆ ಹೊತ್ತು ಗದ್ದೆ ಬದಿಗೆ ಹಂದಿ ಬರ್ತಾವೆ ಮಾವ. ಆ ಹೊತ್ತಿಗೆ ಕಬ್ಬಿಣದ ಸೈಟ್ ಕಾಣೋದೇ ಇಲ್ಲ" ಎಂದ.

ಕಾಣದಿರುವುದು ನಿಜ. ಕಬ್ಬಿಣದ ಸೈಟಿನಲ್ಲಿ ಮೂರು ವಸ್ತುಗಳನ್ನು ಒಂದೇ ಗೆರೆಗೆ ತರಬೇಕು: ಕಣ್ಣಿನ ಹತ್ತಿರದ ಕಚ್ಚು, ನಳಿಗೆಯ ತುದಿಯ ಮೊನೆ, ದೂರದ ಗುರಿ. ಕಣ್ಣು ಒಂದು ಸಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ನೋಡಬಲ್ಲದು. ಹಾಗಾಗಿ ಮೊನೆಯನ್ನು ಸ್ಪಷ್ಟವಾಗಿ ನೋಡು, ಗುರಿ ಮಸುಕಾದರೆ ಆಗಲಿ ಎಂದು ಕಲಿಸುತ್ತಾರೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಲೆನ್ಸಿಲ್ಲದ ತೂತಿನ ಸೈಟಿನಿಂದಲೇ. ರೆಡ್ ಡಾಟ್ ಈ ಪಾಠವನ್ನು ತಿರುವುಮುರುವು ಮಾಡಿತು. ಇದರ ಮೂಲ ಉಪಾಯ ಡಬ್ಲಿನ್ನಿನಲ್ಲಿ ದೂರದರ್ಶಕ ತಯಾರಿಸುತ್ತಿದ್ದ ಹೊವಾರ್ಡ್ ಗ್ರಬ್‌ನದು, 1900ರದ್ದು. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ 1975ರಲ್ಲಿ ಬ್ಯಾಟರಿ ದೀಪದ ಸೈಟನ್ನು ಮಾರುಕಟ್ಟೆಗೆ ತಂದಿತು. ಒಳಗೆ ಒಂದು ಪುಟ್ಟ ಎಲ್‌ಇಡಿ. ಅದರ ಬೆಳಕು ಮುಂದಿನ ಗಾಜಿಗೆ ಬಡಿದು ಸಮಾನಾಂತರ ಕಿರಣಗಳಾಗಿ ಕಣ್ಣಿಗೆ ಮರಳುತ್ತದೆ. ಅದರಿಂದ ಚುಕ್ಕೆ ಗಾಜಿನ ಮೇಲಿದ್ದಂತೆ ಕಾಣದೆ ದೂರದ ಗುರಿಯ ಮೇಲೇ ಕೂತಂತೆ ಕಾಣುತ್ತದೆ. ಕಣ್ಣನ್ನು ಗುರಿಯ ಮೇಲಿಟ್ಟರೆ ಸಾಕು. ಆದರೆ ಇದು ಲೇಸರ್ ಅಲ್ಲ, ಗುರಿಯ ಮೇಲೆ ನಿಜವಾಗಿ ಏನೂ ಬಿದ್ದಿರುವುದಿಲ್ಲ. ಎದುರಿಗಿರುವ ಜೀವಕ್ಕೆ ಆ ಚುಕ್ಕೆಯ ಸುಳಿವೇ ಇರುವುದಿಲ್ಲ. ಅದು ನೋಡುವವನಿಗೆ ಮಾತ್ರ ಕಾಣುವ ಅವನ ಉದ್ದೇಶ.

ಕೊಳ್ಳುವವರು ಮೊದಲು ಕೇಳುವುದು ಚುಕ್ಕೆಯ ಗಾತ್ರವನ್ನು. ಅದನ್ನು ಎಂಒಎ ಎಂಬ ಕೋನದ ಅಳತೆಯಲ್ಲಿ ಹೇಳುತ್ತಾರೆ. ಒಂದು ಎಂಒಎ ಎಂದರೆ 100 ಮೀಟರಿನಲ್ಲಿ ಸುಮಾರು 2.9 ಸೆಂಟಿಮೀಟರ್. ಎರಡು ಎಂಒಎ ಚುಕ್ಕೆ ಅಷ್ಟು ದೂರದಲ್ಲಿ ನಿಂಬೆಹಣ್ಣಿನಗಲ ಮುಚ್ಚಿದರೆ, ಆರು ಎಂಒಎ ಚುಕ್ಕೆ ಒಂದು ತೆಂಗಿನಕಾಯನ್ನೇ ಮುಚ್ಚಿಬಿಡುತ್ತದೆ. ದೊಡ್ಡ ಚುಕ್ಕೆ ಬೇಗ ಕಣ್ಣಿಗೆ ಸಿಗುತ್ತದೆ, ಆದರೆ ಯಾವುದನ್ನು ಹೊಡೆಯಬೇಕೋ ಅದನ್ನೇ ಮರೆಮಾಡುತ್ತದೆ. ಪ್ರಕಾಶದ್ದೂ ಅದೇ ಕತೆ. ಹೊಸಬರು ಗುಂಡಿ ಒತ್ತೊತ್ತಿ ಹೆಚ್ಚಿಸುತ್ತಾರೆ, ಚುಕ್ಕೆ ಹೂವಿನಂತೆ ಅರಳಿ ಹಿಂದಿರುವುದನ್ನು ನುಂಗುತ್ತದೆ. ಕಾಣುವಷ್ಟು ಇದ್ದರೆ ಸಾಕು, ಅದಕ್ಕಿಂತ ಒಂದು ಮೆಟ್ಟಿಲೂ ಹೆಚ್ಚು ಬೇಡ ಎಂದು ಅಳಿಯನಿಗೆ ಹೇಳಿದೆ. ಇನ್ನೊಂದು ತಮಾಷೆ ಇದೆ. ಕಣ್ಣಿನಲ್ಲಿ ಅಸ್ಟಿಗ್ಮ್ಯಾಟಿಸಂ ಇರುವವರಿಗೆ ಚುಕ್ಕೆ ದುಂಡಗೆ ಕಾಣದೆ ಬಾಲವಿರುವ ನಕ್ಷತ್ರದಂತೆಯೋ ದ್ರಾಕ್ಷಿ ಗೊಂಚಲಿನಂತೆಯೋ ಕಾಣುತ್ತದೆ. ಅವರು ಸೈಟನ್ನು ಅಂಗಡಿಗೆ ವಾಪಸ್ ಒಯ್ದು ಜಗಳ ತೆಗೆಯುತ್ತಾರೆ. ಮೊಬೈಲ್ ಕ್ಯಾಮೆರಾವನ್ನು ಸೈಟಿನ ಹಿಂದೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಕ್ಯಾಮೆರಾಗೆ ದುಂಡಗೆ ಕಂಡರೆ ದೋಷ ಇರುವುದು ಕಣ್ಣಿನಲ್ಲಿ.

ಇನ್ನು ಜೀರೋ ಮಾಡುವ ಕೆಲಸ. ಹೊಸ ಸೈಟಿನ ಚುಕ್ಕೆ ಒಂದು ಕಡೆ, ಗುಂಡು ಬೀಳುವುದು ಇನ್ನೊಂದು ಕಡೆ. ರೈಫಲ್ಲನ್ನು ಮರಳು ಚೀಲದ ಮೇಲಿಟ್ಟು, ಚುಕ್ಕೆಯನ್ನು ಒಂದೇ ಜಾಗದಲ್ಲಿ ನಿಲ್ಲಿಸಿ ಐದು ಗುಂಡು ಹೊಡೆಯಬೇಕು. ಐದು ತೂತುಗಳ ನಡು ಎಲ್ಲಿದೆ ನೋಡಿ, ಆಮೇಲೆ ತಿರುಪು ತಿರುಗಿಸಬೇಕು. ಒಂದು ಕ್ಲಿಕ್ಕಿಗೆ ಒಂದು ಎಂಒಎ ಸರಿಯುವ ಸೈಟಾದರೆ 50 ಮೀಟರಿನಲ್ಲಿ ಅದು ಒಂದೂವರೆ ಸೆಂಟಿಮೀಟರ್. ಪ್ರತಿ ಗುಂಡಿಗೂ ತಿರುಗಿಸುತ್ತ ಹೋದರೆ ದಿನವಿಡೀ ಗುಂಡು ಖರ್ಚಾಗುತ್ತದೆಯೇ ಹೊರತು ಸೈಟು ಕೂರುವುದಿಲ್ಲ. ಚುಕ್ಕೆ ಇಟ್ಟದ್ದು ನಟ್ಟನಡುವೆ, ತೂತುಗಳೆಲ್ಲ ಎಡಗಡೆ ಕೆಳಗೆ ಎಂದರೆ, ಇಲ್ಲಿ ಕಾಗದದ್ದು ತಪ್ಪು ಎಂದು ಯಾರೂ ಹೇಳುವುದಿಲ್ಲ. ತೂತುಗಳನ್ನು ನಂಬಿ ಚುಕ್ಕೆಯನ್ನು ಸರಿಸುತ್ತಾರೆ. ರೇಂಜಿನ ಹೊರಗೆ ನಾವು ಮಾಡುವುದು ಇದರ ಉಲ್ಟಾ. ನಮ್ಮನ್ನು ನಾವು ಚುಕ್ಕೆಯಿಂದ ಅಳೆದುಕೊಳ್ಳುತ್ತೇವೆ: ನನ್ನ ಉದ್ದೇಶ ಒಳ್ಳೆಯದೇ ಇತ್ತು. ಬೇರೆಯವರನ್ನು ತೂತಿನಿಂದ ಅಳೆಯುತ್ತೇವೆ: ಮಾಡಿದ್ದೇನು ನೋಡಿ. ಅದೂ ಐದು ತೂತಿನ ನಡುವನ್ನಲ್ಲ, ಒಂದೇ ತೂತನ್ನು ಹಿಡಿದು.

ಜೀರೋ ಆದ ಸೈಟೂ ಒಂದು ದೂರಕ್ಕೆ ಮಾತ್ರ ನಿಜ. ನೋಟ ನೇರ, ಗುಂಡಿನ ದಾರಿ ಬಾಗು. ಪಾಯಿಂಟ್ ಟೂಟೂ ರೈಫಲ್ಲನ್ನು 50 ಮೀಟರಿಗೆ ಹೊಂದಿಸಿದರೆ 100 ಮೀಟರಿನಲ್ಲಿ ಗುಂಡು ಚುಕ್ಕೆಗಿಂತ ಸುಮಾರು ಒಂದು ಗೇಣು ಕೆಳಗೆ ಬೀಳುತ್ತದೆ. ಆದ್ದರಿಂದ ಸರಿಯಾಗಿಯೇ ಗುರಿಯಿಟ್ಟಿದ್ದೆ ಎನ್ನುವುದು ರೈಫಲ್ ಹಿಡಿದವನಿಗೆ ಸಲ್ಲುವ ಸಬೂಬಲ್ಲ. ಉದ್ದೇಶಕ್ಕೂ ಪರಿಣಾಮಕ್ಕೂ ನಡುವಿನ ಅಂತರವನ್ನು ಮೊದಲೇ ಅಳೆದಿಟ್ಟುಕೊಳ್ಳುವುದೂ ಅವನ ಹೊಣೆಯೇ.

ಇಲ್ಲಿಗೆ ಮುಗಿದಿದ್ದರೆ ಒಳ್ಳೆಯ ಸೈಟು ಮನುಷ್ಯನನ್ನು ಹೆಚ್ಚು ಪ್ರಾಮಾಣಿಕನನ್ನಾಗಿ ಮಾಡುತ್ತದೆ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಪುರಾಣಗಳಲ್ಲಿ ಬಾಣದಿಂದ ಆದ ದೊಡ್ಡ ಅನಾಹುತಗಳನ್ನು ನೆನೆಸಿಕೊಂಡರೆ ಒಂದರಲ್ಲೂ ಗುರಿ ತಪ್ಪಿಲ್ಲ. ದಶರಥ ಸರಯೂ ತೀರದ ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ತಿಳಿದ. ಬಾಣ ಸದ್ದಿದ್ದ ಕಡೆಗೇ ಹೋಯಿತು, ಸತ್ತದ್ದು ಮುನಿಕುಮಾರ. ಪಾಂಡು ಜಿಂಕೆಗೆ ಹೊಡೆದ, ಅದು ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿ. ಜರನೆಂಬ ಬೇಡ ಜಿಂಕೆಯೆಂದು ಬಾಣ ಬಿಟ್ಟದ್ದು ಕೃಷ್ಣನ ಪಾದಕ್ಕೆ. ಮೂವರ ಬಿಲ್ಲಿಗೂ ರೆಡ್ ಡಾಟ್ ಹಾಕಿಕೊಟ್ಟಿದ್ದರೂ ಒಂದು ಜೀವವೂ ಉಳಿಯುತ್ತಿರಲಿಲ್ಲ. ಬಾಣ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಸೈಟಿನಲ್ಲಿ ಉತ್ತರವಿದೆ, ಅಲ್ಲಿ ಯಾರಿದ್ದಾರೆ ಎಂಬುದಕ್ಕಿಲ್ಲ. ವಾಲ್ಮೀಕಿಯ ದಶರಥ ಸಾಯುವ ರಾತ್ರಿ ಕೌಸಲ್ಯೆಯ ಮುಂದೆ ಆ ಹಳೆಯ ಬಾಣದ ಕತೆ ಹೇಳಿಕೊಳ್ಳುತ್ತಾನೆ. ಶಬ್ದವೇಧಿ ಎಂಬ ಹೆಸರು ಅವನನ್ನು ಅಷ್ಟು ವರ್ಷ ಕಾಪಾಡಿರಲಿಲ್ಲ.

ಹಂದಿಯೆಂದು ತಿಳಿದು ಮನುಷ್ಯನ ಮೇಲೆ ಗುಂಡು ಹಾರಿಸಿದ ಸುದ್ದಿ ನಮ್ಮ ಮಲೆನಾಡಿನ ಕಡೆಯಿಂದ ಆಗಾಗ ಬರುತ್ತದೆ. ಅಂಥ ಸುದ್ದಿಯಲ್ಲಿ ಹೊಡೆದವನೂ ಸತ್ತವನೂ ಬಹಳ ಸಲ ಒಂದೇ ಊರಿನವರು. ಹುಡುಗನ ಮಾತಿನಲ್ಲಿ ನನ್ನನ್ನು ಕಾಡಿದ್ದು ಇದು. ಮುಸ್ಸಂಜೆಯಲ್ಲಿ ಕಬ್ಬಿಣದ ಮೊನೆ ಕಾಣದೆ ಹೋಗುತ್ತದೆ, ಹಾಗಾಗಿ ಗುಂಡು ಹೊಡೆಯಲಾಗುವುದಿಲ್ಲ. ಆ ತೊಂದರೆ ಒಂದು ತಡೆಯೂ ಆಗಿತ್ತು. ಗುರಿ ಗುರುತಿಸಲಾಗದಷ್ಟು ಕತ್ತಲಾಗುವ ಹೊತ್ತಿಗೆ ಸೈಟೂ ಕಣ್ಮರೆಯಾಗುತ್ತಿತ್ತು. ರೆಡ್ ಡಾಟ್ ಕತ್ತಲಾದಷ್ಟೂ ಚೆನ್ನಾಗಿ ಕಾಣುತ್ತದೆ, ಗದ್ದೆ ಬದಿಯಲ್ಲಿ ಅಲ್ಲಾಡುತ್ತಿರುವುದು ಏನೆಂಬುದನ್ನು ಮಾತ್ರ ಒಂದಿಷ್ಟೂ ಬೆಳಗುವುದಿಲ್ಲ. ನನ್ನ ಉದ್ದೇಶ ನನಗೆ ನಿಚ್ಚಳ, ಎದುರಿಗಿರುವುದು ಬರೀ ನೆರಳು.

ಹುಡುಗ ವಾದ ಮಾಡದೆ ಬಿಡಲಿಲ್ಲ. ಸರಿಯಾದ ಜಾಗಕ್ಕೆ ಹೊಡೆದರೆ ಪ್ರಾಣಿ ನರಳುವುದಿಲ್ಲ, ಅಂದಾಜಿನಲ್ಲಿ ಹೊಡೆದರೆ ಎರಡು ದಿನ ಒದ್ದಾಡುತ್ತದೆ ಎಂದ. ಮಾತಿನಲ್ಲಿ ತೂಕವಿದೆ. ಅನುಮತಿಯಿಲ್ಲದೆ ಹಂದಿ ಹೊಡೆಯುವುದು ಅಪರಾಧ ಎಂಬುದು ಅವನಿಗೂ ಗೊತ್ತು. ಪಾಯಿಂಟ್ ಟೂಟೂ ಗುಂಡು ದೊಡ್ಡ ಹಂದಿಗೆ ಸಾಲದು, ನರಳಿಸುವುದೇ ಅದರ ಕೆಲಸ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ.

ಒಂದು ಕಣ್ಣು ಮುಚ್ಚಬೇಡ ಎಂದೂ ಹೇಳಿದೆ. ರೆಡ್ ಡಾಟಿನ ದೊಡ್ಡ ಗುಣ ಅದೇ, ಎರಡೂ ಕಣ್ಣು ತೆರೆದು ಹೊಡೆಯಬಹುದು. ಹಿಂದಿನ ಒಂದು ಮಾದರಿಯಲ್ಲಿ ಕೊಳವೆಯ ಮುಂಭಾಗವೇ ಮುಚ್ಚಿರುತ್ತಿತ್ತು. ಬಲಗಣ್ಣಿಗೆ ಕಪ್ಪಿನಲ್ಲಿ ಚುಕ್ಕೆ ಮಾತ್ರ, ಎಡಗಣ್ಣಿಗೆ ಲೋಕ ಮಾತ್ರ. ಎರಡನ್ನೂ ಕೂಡಿಸುವುದು ಮಿದುಳಿನ ಪಾಲು. ಎಡಗಣ್ಣು ಮುಚ್ಚಿದರೆ ಗುರಿ ಎಂಬುದೇ ಇಲ್ಲ, ಬರೀ ಚುಕ್ಕೆ. ಈಗಿನವುಗಳಲ್ಲಿ ಗಾಜು ತಿಳಿಯಾಗಿರುತ್ತದೆ, ಒಂದು ಕಣ್ಣು ಮುಚ್ಚಿದರೂ ಕೆಲಸ ನಡೆಯುತ್ತದೆ. ನಡೆಯುತ್ತದೆ ಎಂದೇ ಜನ ಮುಚ್ಚುತ್ತಾರೆ. ಬದಿಯಿಂದ ನಡೆದು ಬರುವವನು ಕಾಣುವುದು ಆ ಇನ್ನೊಂದು ಕಣ್ಣಿಗೆ.

ಕೊನೆಗೆ ಆರಿಸಿದ್ದು ಎರಡು ಎಂಒಎಯದು. ಬ್ಯಾಟರಿಯನ್ನು ಪಕ್ಕದಿಂದ ತೆಗೆಯುವಂಥದ್ದನ್ನೇ ನೋಡು ಎಂದಿದ್ದೆ. ಕೆಲವು ಸೈಟುಗಳಲ್ಲಿ ಬ್ಯಾಟರಿ ಅಡಿಯಲ್ಲಿರುತ್ತದೆ, ತೆಗೆಯಬೇಕೆಂದರೆ ಸೈಟನ್ನೇ ಬಿಚ್ಚಬೇಕು, ಮತ್ತೆ ಜೀರೋ ನೋಡಬೇಕು. ಪಕ್ಕದಲ್ಲಿದ್ದರೆ ಆ ರಗಳೆಯಿಲ್ಲ. ಸೂರ್ಯ ಮುಳುಗಿದ ಮೇಲೆ ಬ್ಯಾಟರಿ ತೆಗೆದು ಅಮ್ಮನ ಕೈಗೆ ಕೊಡು ಎಂದೆ. "ನೀವು ಹೇಳೋದು ಒಳ್ಳೇ ಕತೆ ಆಯ್ತು ಮಾವ, ಹಗಲು ಹೊತ್ತು ಹಂದಿ ಎಲ್ಲಿ ಬರ್ತವೆ?" ಎಂದು ನಕ್ಕ. ಮೊನ್ನೆ ಜೀರೋ ಮಾಡಿದ ಕಾಗದದ ಫೋಟೋ ಕಳಿಸಿದ್ದಾನೆ. 50 ಮೀಟರಿನಲ್ಲಿ ಐದು ತೂತು, ಹಳೆಯ ಎಂಟಾಣೆ ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರ ಹತ್ತಿರ. ಬ್ಯಾಟರಿ ವಿಷಯ ಬರೆದಿಲ್ಲ. ಅಕ್ಕನಿಗೆ ಫೋನ್ ಮಾಡಿ ಕೇಳಬೇಕು.