ಒಂದು ‘ಹೂಂ’

 

ಈ ಹೊತ್ತಿನ ಚಿಂತನೆ ನಾಲ್ಕನೆಯ ಶೀಲದ ಮೇಲೆ. ಸುಳ್ಳಾಡುವುದರಿಂದ ದೂರ ಇರುತ್ತೇನೆ ಎಂದು ಪ್ರತಿ ಭಾನುವಾರ ಎಲ್ಲರಿಗಿಂತ ಜೋರಾಗಿ ಹೇಳಿಕೊಡುವವನು ನಾನೇ. ಹಾಗಾಗಿ ಈ ಬೇಸಿಗೆ ರಜೆಯಲ್ಲಿ ನಾನು ಆಡಿದ ಸುಳ್ಳಿನಿಂದಲೇ ಸುರು ಮಾಡುತ್ತೇನೆ.

ಬಳಗದ ನಾಲ್ಕು ಮನೆಯವರು ಸೇರಿ ಎರಡು ದಿನ ಎಲ್ಲಾದರೂ ಇದ್ದು ಬರೋಣವೆಂದು ಮಾತಾಯಿತು. ನವಲಗುಂದ, ಅಣ್ಣಿಗೇರಿ ಕಡೆಯ ಎರೆಭೂಮಿ ಮೇ ತಿಂಗಳಲ್ಲಿ ಹೆಂಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಕಲಘಟಗಿ ದಾಟಿದರೆ ಗಿಡಮರ ಸುರುವಾಗುತ್ತವೆ, ಇನ್ನೂ ಮುಂದೆ ಹೋದರೆ ದಾಂಡೇಲಿ ಕಾಡು, ಕಾಳಿ ನದಿ. ಆ ಕಡೆ ಈಗ ಸ್ವಿಮ್ಮಿಂಗ್ ಪೂಲ್ ಇರುವ ಮನೆಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಮಕ್ಕಳಿಗೆ ಪೂಲ್ ಬೇಕೇ ಬೇಕು.

‘ಆ ರೊಕ್ಕ ವಿಹಾರಕ್ಕೆ ಕೊಡಬಹುದಿತ್ತಲ್ಲ’ ಎಂದು ಒಬ್ಬ ಹಿರಿಯರು ಆಕ್ಷೇಪಿಸಿದರು. ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಆದರೆ ದೀಘಜಾಣು ಎಂಬ ಗೃಹಸ್ಥ ಬುದ್ಧರ ಬಳಿ ಬಂದು, ನಾವು ಹೆಂಡತಿ ಮಕ್ಕಳೊಡನೆ ಬಾಳುವವರು, ಕಾಶಿಯ ಚಂದನ ಹಚ್ಚಿಕೊಳ್ಳುವವರು, ನಮಗೆ ತಕ್ಕ ಧಮ್ಮ ಹೇಳಿರಿ ಅಂದಾಗ ಬುದ್ಧರು ಅವನನ್ನು ಬೈಯಲಿಲ್ಲ. ದುಡಿ, ದುಡಿದದ್ದನ್ನು ಕಾಪಾಡು, ಒಳ್ಳೆಯವರ ಸಹವಾಸ ಮಾಡು, ಆದಾಯ ನೋಡಿ ಖರ್ಚು ಮಾಡು, ದುಂದೂ ಬೇಡ ಜಿಪುಣತನವೂ ಬೇಡ ಎಂದರು. ಇನ್ನು ರಜೆಯ ಮಾತು. ಫ್ರಾನ್ಸಿನಲ್ಲಿ ದುಡಿಯುವವರಿಗೆ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಕಾನೂನಾಗಿ ಸಿಕ್ಕಿದ್ದು 1936ರಲ್ಲಿ. ಇವತ್ತು ಅಲ್ಲಿಯವರು ಬೇಸಿಗೆ ಬಂದರೆ ಹಳ್ಳಿಗಾಡಿನಲ್ಲಿ ಪೂಲ್ ಇರುವ ಮನೆ ಬಾಡಿಗೆ ಹಿಡಿಯುತ್ತಾರೆ. ನಮ್ಮಲ್ಲಿ ಕಾರ್ಖಾನೆಯ ಕೂಲಿಗಾರರಿಗೆ ಸಂಬಳಸಹಿತ ರಜೆ ಕೊಡುವ ತಿದ್ದುಪಡಿ ಬಂದದ್ದು 1945ರಲ್ಲಿ, ಬಾಬಾಸಾಹೇಬರು ವೈಸ್‌ರಾಯ್ ಕೌನ್ಸಿಲ್ಲಿನ ಕಾರ್ಮಿಕ ಸದಸ್ಯರಾಗಿದ್ದಾಗ. ದುಡಿಯುವವನಿಗೂ ವಿಶ್ರಾಂತಿಯ ಹಕ್ಕಿದೆ ಎಂದು ನಮಗಾಗಿ ವಾದಿಸಿದವರು ಅವರೇ.

ಇರಲಿ. ಒಂದು ಮನೆ ಗೊತ್ತಾಯಿತು. ಫೋನ್ ಪೇಯಲ್ಲಿ ಮೂರು ಸಾವಿರ ಮುಂಗಡ ಹಾಕಿದೆ. ಮಾಲೀಕರು ಫೋನ್ ಮಾಡಿ ಎಷ್ಟು ಮಂದಿ, ಅಡಿಗಿ ನಿಮ್ದೋ ನಮ್ದೋ ಎಂದೆಲ್ಲ ಕೇಳಿ ಕಡೆಗೆ ದನಿ ಇಳಿಸಿದರು.

‘ತಪ್ಪ ತಿಳ್ಕೋಬ್ಯಾಡ್ರಿ ಸರ. ನೀವು ಯಾವ ಪೈಕಿ ಆಗ್ತೀರಿ? ಲಿಂಗಾಯತರೇನ್ರಿ?’

ನಾನು ‘ಹೂಂ’ ಅಂದೆ.

ಅಷ್ಟೇ. ವ್ಯಾಕರಣದಲ್ಲಿ ಅದನ್ನು ಪೂರ್ತಿ ಶಬ್ದವೆಂದೂ ಕರೆಯಲಾಗದು. ಆದರೆ ಒಂಬತ್ತನೆತ್ತೆ ಮುಗಿಸಿದ ನನ್ನ ಮಗ ಬಾಜೂಕ ಕೂತಿದ್ದ. ಮೊಬೈಲಿನಿಂದ ತಲೆ ಎತ್ತಿ ನನ್ನ ಮುಖ ನೋಡಿದ, ಮತ್ತೆ ತಲೆ ತಗ್ಗಿಸಿದ. ರಾತ್ರಿ ಊಟದ ಮುಂದೆ ಕೇಳಿದ: ‘ಅಪ್ಪಾಜಿ, ಸಾಲ್ಯಾಗ ಕೇಳಿದ್ರ ನಾನೂ ಹಂಗ ಹೇಳ್ಲೇನು?’

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮೊದಲು ನೆನಪಾದದ್ದು ಬಡೋದಾ. 1917. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಬಾಬಾಸಾಹೇಬರಿಗೆ ಆ ಊರಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳಿಗೆ ಮಾತ್ರ ಎಂದಿದ್ದ ವಸತಿಗೃಹದಲ್ಲಿ, ಅಲ್ಲಿಯ ಮೇಲ್ವಿಚಾರಕನ ಸಮ್ಮತಿಯಿಂದಲೇ, ಪಾರ್ಸಿ ಹೆಸರು ಬರೆಸಿ ಉಳಿದರು. ದಿನಕ್ಕೆ ಒಂದೂವರೆ ರೂಪಾಯಿ. ಹನ್ನೊಂದನೆಯ ದಿನ ಹತ್ತು ಹನ್ನೆರಡು ಮಂದಿ ಕೋಲು ಹಿಡಿದು ಬಂದರು. ಸಂಜೆಯೊಳಗೆ ಖಾಲಿ ಮಾಡಿಸಿದರು. ಇಬ್ಬರು ಗೆಳೆಯರ ಮನೆಯಲ್ಲೂ ಜಾಗ ಸಿಗದೆ, ಸಾರ್ವಜನಿಕ ತೋಟದಲ್ಲಿ ಕೂತಿದ್ದು ರಾತ್ರಿ ಮುಂಬೈ ರೈಲು ಹತ್ತಿದರು.

ಬಾಬಾಸಾಹೇಬರೇ ಬೇರೆ ಹೆಸರು ಬರೆಸಿದ್ದರಲ್ಲ, ನನ್ನದೇನು ದೊಡ್ಡ ತಪ್ಪು ಎಂದು ಮನಸ್ಸು ಸಮಾಧಾನ ಹುಡುಕಿತು. ಆದರೆ ಆ ಸಮಾಧಾನ ನಿಲ್ಲಲಿಲ್ಲ. ಅವರಿಗೆ ತಲೆಯ ಮೇಲೊಂದು ಸೂರು ಬೇಕಿತ್ತು. ನನಗೆ ಊರಲ್ಲಿ ಸ್ವಂತ ಮನೆ ಇದೆ, ಬೇಕಾಗಿದ್ದದ್ದು ಪೂಲು. ಅವರು ಆ ಸಂಗತಿಯನ್ನು ಮುಚ್ಚಿಡದೆ ಮುಂದೆ ತಾವೇ ಬರೆದರು. ನಾನು ಮಗನ ಪ್ರಶ್ನೆಗೆ ‘ಉಣ್ಣು’ ಅಂದು ತಪ್ಪಿಸಿಕೊಂಡಿದ್ದೆ.

ಮುಂಜಾನೆ ಮಗನನ್ನು ಎದುರಿಗೆ ಕೂರಿಸಿಕೊಂಡೇ ಫೋನ್ ಮಾಡಿದೆ. ‘ನಿನ್ನೆ ನಾ ಸುಳ್ಳ ಹೇಳಿದ್ನಿರಿ. ನಾವು ಬೌದ್ಧರು. ನಮ್ಮ ಹಿರ್‍ಯಾರು ಕೇರಿಯವರು.’ ಆ ಕಡೆ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ, ಬಹಳ ಮರ್ಯಾದೆಯಿಂದ: ‘ಹೌದೇನ್ರಿ... ಸರ, ಪೂಲು ರಿಪೇರಿಗೆ ಬಂದೈತ್ರಿ.’ ಐದು ನಿಮಿಷದಲ್ಲಿ ಮೂರು ಸಾವಿರ ವಾಪಸ್ ಬಂತು. ಇಷ್ಟು ಚುರುಕಾಗಿ ಮುಂಗಡ ತಿರುಗಿ ಬಂದದ್ದು ನನ್ನ ಅನುಭವದಲ್ಲಿ ಮೊದಲು.

ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳಿಗೆ ಪ್ರವೇಶಿಸಲು ಜಾತಿಯ ಅಡ್ಡಿ ಇರಕೂಡದು ಎನ್ನುತ್ತದೆ. ಅದಕ್ಕೂ ಮೊದಲು, 1923ರ ಆಗಸ್ಟಿನಲ್ಲಿ, ಮುಂಬೈ ಶಾಸನಸಭೆ ಬೋಲೆಯವರ ಠರಾವನ್ನು ಒಪ್ಪಿತ್ತು: ಸಾರ್ವಜನಿಕ ಹಣದ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂದು. ನೀರೂ ತಂಗುವ ಜಾಗವೂ ಒಂದೇ ಠರಾವಿನಲ್ಲಿ. ನಮ್ಮ ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತಕ್ಕೆ ಸೇರಿತ್ತು, ಅಂದರೆ ಆ ಠರಾವು ನಮ್ಮೂರ ಕೆರೆಗೂ ಅನ್ವಯ. ಮಹಾಡದಲ್ಲಿ ಅದನ್ನು ಜಾರಿಗೆ ತರಲು 1927ರ ಮಾರ್ಚ್ 20ರಂದು ಬಾಬಾಸಾಹೇಬರು ಕೆರೆಗಿಳಿದು ನೀರು ಕುಡಿಯಬೇಕಾಯಿತು. ಹೈಕೋರ್ಟಿನ ತೀರ್ಪು ಬರಲು 1937 ಆಯಿತು. ಕೆಲವರು ‘ಕೇಸು ಹಾಕಬೇಕಿತ್ತು ಸರ’ ಅಂದರು. ಪೂಲು ರಿಪೇರಿ ಎಂಬ ಮಾತಿಗೆ ಏನು ಕೇಸು ಹಾಕಲಿ? ಹಾಕಬೇಕಿತ್ತೇನೋ. ಭಾನುವಾರ ಚರ್ಚೆ ಮಾಡೋಣ.

ಒಂದು ರಾತ್ರಿಯ ವಸತಿ ಎಂದಾಗ ನನಗೆ ರಾಜಗೃಹದ ಕುಂಬಾರನ ಕೊಟ್ಟಿಗೆ ನೆನಪಾಗುತ್ತದೆ. ಬುದ್ಧರು ಅಲ್ಲಿಗೆ ಹೋಗಿ, ನಿನಗೆ ತೊಂದರೆಯಿಲ್ಲವೆಂದರೆ ಒಂದು ರಾತ್ರಿ ಇರುತ್ತೇನೆ ಅಂದರು. ಕುಂಬಾರ, ನನ್ನದೇನೂ ತಕರಾರಿಲ್ಲ, ಒಳಗೆ ಆಗಲೇ ಒಬ್ಬರಿದ್ದಾರೆ, ಅವರು ಒಪ್ಪಿದರೆ ಇರಿ ಅಂದ. ಒಳಗಿದ್ದವನು ಪುಕ್ಕುಸಾತಿ. ಬಂದವರು ಬುದ್ಧರೆಂದು ಅವನಿಗೆ ಗೊತ್ತಿರಲಿಲ್ಲ. ಜಾಗ ಬೇಕಾದಷ್ಟಿದೆ, ಆರಾಮಾಗಿ ಇರಿ ಅಂದ. ಯಾವ ಪೈಕಿ ಎಂದು ಕುಂಬಾರನೂ ಕೇಳಲಿಲ್ಲ, ಪುಕ್ಕುಸಾತಿಯೂ ಕೇಳಲಿಲ್ಲ. ಒಂದು ಇಡೀ ಸುತ್ತ ಹುಟ್ಟಿದ್ದು ಆ ಕೊಟ್ಟಿಗೆಯಲ್ಲಿ.

ಎರಡನೆಯ ಮನೆಯವರು ಆಧಾರ್ ಕಾರ್ಡಿನ ಫೋಟೋ ಕೇಳಿದರು, ಮತ್ತೇನೂ ಕೇಳಲಿಲ್ಲ. ಹತ್ತೊಂಬತ್ತು ಮಂದಿ ಹೋದೆವು. ಹುಡುಗರು ಊಟಕ್ಕೂ ಮೇಲೆ ಬರಲಿಲ್ಲ.

ನಮ್ಮ ಅವ್ವನಿಗೆ ಎಪ್ಪತ್ತು ದಾಟಿದೆ. ನಮ್ಮೂರಲ್ಲಿ ಬೋರಿನ ನೀರು ಸವುಳು, ಕುಡಿಯಲು ಕೆರೆಯೇ ಗತಿ. ಅವ್ವ ಹರೆಯದಲ್ಲಿ ಆ ಕೆರೆಯ ಪಾವಟಿಗೆಯಿಂದ ದೂರ ಕೊಡ ಇಟ್ಟು, ಯಾರಾದರೂ ಪುಣ್ಯಾತ್ಗಿತ್ತಿ ಬಂದು ಎತ್ತರದಿಂದ ನೀರು ಹಾಕುವತನಕ ನಿಂತವಳು. ಪೂಲಿನ ದಂಡೆಗೆ ಕುರ್ಚಿ ಹಾಕಿಕೊಟ್ಟರೂ ಕೂರಲಿಲ್ಲ. ಎರಡು ಸಲ ಗೇಟಿನ ಕಡೆ ನೋಡಿದಳು. ಆಮೇಲೆ ಮೊಮ್ಮಗನ ಹೆಗಲು ಹಿಡಿದು ದಂಡೆಯ ಮೇಲೆ ಕೂತು ಒಂದು ಕಾಲು ಇಳಿಬಿಟ್ಟಳು.

‘ಕುಡಿಯಾಕ ಬರ್ತೈತೇನೋ ಇದು?’

‘ಇಲ್ಲಬೇ, ಔಷಧ ಹಾಕಿರ್ತಾರ.’

‘ಹಂಗಾರ ಬರೇ ಆಡೂ ನೀರು?’ ಅಂದು ಸೀರೆ ಇನ್ನಷ್ಟು ಮೇಲೆ ಕಟ್ಟಿ ಇನ್ನೊಂದು ಕಾಲನ್ನೂ ಬಿಟ್ಟಳು.